ಮೌಂಡರ್ ಕಂಡ ಮಂಕು ಸೂರ್ಯ ಭೂಮಿಯನ್ನು ತಂಪಾಗಿಸುತ್ತಾನೆಯೇ?

ಸೂರ್ಯನ ಚಟುವಟಿಕೆ ತಗ್ಗಲಿದೆ, ಇನ್ನು ತಾಪಮಾನ ಏರಿಕೆಯ ಚಿಂತೆ ಬೇಡ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿ ಮೌಂಡರ್ ಮಿನಿಮಮ್ ಎಂಬ ಹೆಸರು ಇದ್ದೇ ಇರುತ್ತದೆ. ಯಾರು ಈ ಮೌಂಡರ್?

ಎಡ್ವರ್ಡ್ ವಾಲ್ಟರ್ ಮೌಂಡರ್ 1851ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಓದಿನ ಖರ್ಚಿಗೆಂದು ಬ್ಯಾಂಕಿನಲ್ಲಿ ದುಡಿದರು. ಪದವಿ ಮಾತ್ರ ಪೂರ್ತಿಯಾಗಲಿಲ್ಲ. 1873ರಲ್ಲಿ ಗ್ರೀನಿಚ್ ವೀಕ್ಷಣಾಲಯ ಸೇರಿದರು. ಸೂರ್ಯನ ಫೋಟೊ ತೆಗೆದು ಅದರ ಕಲೆಗಳನ್ನು ಅಳೆಯುವುದೇ ಅವರ ಕೆಲಸ. ಅಲ್ಲಿಯೇ ಇದ್ದ, ಗಣಿತ ಓದಿದ್ದ ಆ್ಯನಿ ರಸೆಲ್ ಅವರನ್ನು 1895ರಲ್ಲಿ ಮದುವೆಯಾದರು. ವಿವಾಹಿತೆಯರಿಗೆ ಸರ್ಕಾರಿ ನೌಕರಿ ಇಲ್ಲದ ಕಾಲವದು. ಆ್ಯನಿ ಕೆಲಸ ಬಿಟ್ಟರು, ಸೂರ್ಯನನ್ನು ಬಿಡಲಿಲ್ಲ. 1898ರ ಗ್ರಹಣ ನೋಡಲು ದಂಪತಿ ಭಾರತಕ್ಕೂ ಬಂದಿದ್ದರು. (ಕೀರ್ತಿಯಲ್ಲಿ ಆ್ಯನಿಗೆ ಸಿಕ್ಕ ಪಾಲು ಕಡಿಮೆಯೇ.)

1645ರಿಂದ 1715ರವರೆಗೆ ಸೌರಕಲೆಗಳು ತೀರಾ ವಿರಳವಾಗಿದ್ದವು ಎಂಬುದನ್ನು ಮೊದಲು ಎತ್ತಿ ತೋರಿಸಿದವರು ಜರ್ಮನಿಯ ಗುಸ್ಟಾವ್ ಸ್ಪೋರರ್. ಮೌಂಡರ್ ಅದನ್ನು 1890, 1894 ಮತ್ತೆ 1922ರಲ್ಲಿ ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ. 1928ರಲ್ಲಿ ಅವರು ತೀರಿಕೊಂಡರು. ಆ ಅವಧಿಗೆ ಅವರ ಹೆಸರು ಅಂಟಿಕೊಂಡದ್ದು 1976ರಲ್ಲಿ, ಜಾಕ್ ಎಡ್ಡಿ ಅವರ ಲೇಖನದಿಂದ.

ಆಗ ಯುರೋಪಿನಲ್ಲಿ ಚಳಿ ಹೆಚ್ಚಿದ್ದು ನಿಜ. ಆದರೆ ಆ ಚಳಿಗಾಲ ಶುರುವಾದದ್ದು ಕಲೆಗಳು ಮಾಯವಾಗುವುದಕ್ಕೂ ಎಷ್ಟೋ ಮೊದಲು. ಜ್ವಾಲಾಮುಖಿಗಳ ಪಾತ್ರವೂ ಇತ್ತು. ಅಂಥ ಮಂಕು ಸೂರ್ಯ ಈ ಶತಮಾನದಲ್ಲಿ ಮರಳಿದರೂ ತಾಪ ಇಳಿಯುವುದು ಹೆಚ್ಚೆಂದರೆ 0.3 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ ಹವಾಮಾನ ಮಾದರಿಗಳು. ನಾವು ಈಗಾಗಲೇ ಏರಿಸಿರುವುದು 1 ಡಿಗ್ರಿಗೂ ಹೆಚ್ಚು. ಸೂರ್ಯ ಮತ್ತೆ ಚುರುಕಾದಾಗ ಆ ಅಲ್ಪ ರಿಯಾಯಿತಿಯೂ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಗಾಳಿಯಲ್ಲೇ ಉಳಿದಿರುತ್ತದೆ.