ವೀರಬಲ್ಲಾಳನ ನಾಡು, ನಮ್ಮ ನಕ್ಷೆ

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನನ್ನು ನಾವು ನೆನೆಯುವುದು ಹೆಚ್ಚಾಗಿ ಯುದ್ಧಗಳ ಮೂಲಕ. ತಂದೆ ಒಂದನೆಯ ನರಸಿಂಹನ ವಿರುದ್ಧ ಬಂಡೆದ್ದು, ಮಲೆನಾಡಿನ ಸಾಮಂತರ ಬೆಂಬಲ ಪಡೆದು, 1173ರಲ್ಲಿ ಆತ ದೋರಸಮುದ್ರದ ಪಟ್ಟವೇರಿದ. ಉಚ್ಚಂಗಿಯ ಪಾಂಡ್ಯರನ್ನು ಮಣಿಸಿ ಗಿರಿದುರ್ಗಮಲ್ಲನೆನಿಸಿದ. 1190ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿ, ಅಜ್ಜ ವಿಷ್ಣುವರ್ಧನ ಹಂಬಲಿಸಿದ್ದ ಸ್ವತಂತ್ರ ಪ್ರಭುತ್ವವನ್ನು ಸಾಧಿಸಿದ. ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನೂ ಅವನೇ.

ನನ್ನನ್ನು ಸೆಳೆಯುವುದು ಅವನ 47 ವರ್ಷಗಳ ಆಳ್ವಿಕೆಯ ಇನ್ನೊಂದು ಮುಖ. ಸಕಲೇಶಪುರದ ಕಡೆ 2,000 ಮಿ.ಮೀ. ಮೀರುವ ವಾರ್ಷಿಕ ಮಳೆ ಬೇಲೂರು, ಹಳೇಬೀಡು ದಾಟಿ ಅರಸೀಕೆರೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ಮಲೆನಾಡಿನ ಸೊಸೆವೂರಿನಿಂದ ಬಯಲಿಗಿಳಿದ ಹೊಯ್ಸಳರಿಗೆ ಈ ವ್ಯತ್ಯಾಸ ತಿಳಿದಿತ್ತು. ಅವರ ರಾಜಧಾನಿಯ ಹೆಸರೇ ಕೆರೆಯ ಹೆಸರು.

ಬಲ್ಲಾಳನ ಕಾಲದ ದಾನಶಾಸನಗಳಲ್ಲಿ ದೇವರ ಹೆಸರಿನೊಡನೆ ಕೆರೆ, ತೂಬು, ಗದ್ದೆ, ಬೆದ್ದಲು, ತೋಟ ಹಾಗೂ ಎಲ್ಲೆಗಳ ವಿವರಗಳೂ ಕಾಣುತ್ತವೆ. ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ಬೆದ್ದಲು; ನೆಲದ ಗುಣವೇ ಬಳಕೆಯನ್ನು ನಿರ್ಧರಿಸುತ್ತಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಮುಖ್ಯವೆನಿಸುವುದು ಆ ಕಾಲದ ಬಿತ್ತುವಟ್ಟ, ಕಟ್ಟುಗೊಡಗೆಗಳ ಪದ್ಧತಿ. ಕೆರೆ ಕಟ್ಟಿದವರಿಗೂ ಅದನ್ನು ಕಾಪಾಡುವವರಿಗೂ ಭೂಮಿ ಅಥವಾ ಆದಾಯದ ಪಾಲು ಬಿಡಲಾಗುತ್ತಿತ್ತು. ನೀರಿನಿಂದ ಬಂದ ಲಾಭವೇ ನೀರಿನ ರಕ್ಷಣೆಯ ವೆಚ್ಚವನ್ನು ಹೊರುತ್ತಿತ್ತು. ಆ ವ್ಯವಸ್ಥೆಯಲ್ಲಿ ಸಮಾನತೆ ಇರಲಿಲ್ಲ, ನಿಜ. ಆದರೆ ಹೊಣೆಗಾರಿಕೆ ಇತ್ತು. ಭೂಮಿಯ ಇಳಿಜಾರು, ಮಣ್ಣು ಮತ್ತು ನೀರನ್ನು ಒಂದರ ಮೇಲೊಂದು ನಕ್ಷೆಯಾಗಿ ಇಟ್ಟು ನೋಡಿ ಬಳಕೆಯನ್ನು ನಿರ್ಧರಿಸಬೇಕೆಂದು ಇಯಾನ್ ಮ್ಯಾಕ್‌ಹಾರ್ಗ್ ಅಮೆರಿಕದಲ್ಲಿ ಪುಸ್ತಕ ಬರೆದದ್ದು 1969ರಲ್ಲಿ.

ಬಲ್ಲಾಳನ ಕೊನೆಯ ವರ್ಷಗಳಲ್ಲಿ ಹಳೇಬೀಡಿನ ಕೇದಾರೇಶ್ವರ ದೇಗುಲ ರೂಪುಗೊಂಡಿತು. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಶಿವಾಲಯವೂ, ರೇಚರಸನ ಸಹಸ್ರಕೂಟ ಜಿನಾಲಯವೂ ಎದ್ದವು. ಅದೇ ವರ್ಷ ಬಲ್ಲಾಳ ತೀರಿಕೊಂಡ; ಮಗ ಇಮ್ಮಡಿ ನರಸಿಂಹ ಪಟ್ಟಕ್ಕೆ ಬಂದ.

ಆ ಕಲ್ಲಿನ ಕೆಲಸಕ್ಕೆ ಈಗ ಜಗತ್ತಿನ ಮನ್ನಣೆ ದೊರೆತಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಗುಲಗಳ ಸುತ್ತಲಿನ ಕಟ್ಟಡಗಳ ಎತ್ತರದ ಬಗ್ಗೆ ಚರ್ಚಿಸುವ ನಾವು, ಕೆರೆಗಳಿಗೆ ನೀರು ತರುವ ಕಾಲುವೆಗಳ ಬಗ್ಗೆ ಅಷ್ಟೇ ಕಾಳಜಿ ತೋರುತ್ತಿಲ್ಲ. ಕೊಳವೆಬಾವಿಗಳು ಬತ್ತಿ, ಅರಸೀಕೆರೆಯ ತೆಂಗಿನ ತೋಟಗಳು ಬರದಲ್ಲಿ ಒಣಗಿದ್ದನ್ನು ಕಂಡಿದ್ದೇವೆ. ಪರಿಹಾರಕ್ಕಾಗಿ ಪಶ್ಚಿಮ ಘಟ್ಟದತ್ತ ಕೈಚಾಚಿದ್ದೇವೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು. ದೂರದ ನೀರು ಬಂದರೂ ಅದನ್ನು ಹಿಡಿದಿಡಬೇಕಾದದ್ದು ಇದೇ ಕೆರೆಗಳು.

ಸೇವೆಯಲ್ಲಿದ್ದಾಗ ಭೂಪರಿವರ್ತನೆಯ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಸರ್ವೆ ನಂಬರು, ವಿಸ್ತೀರ್ಣ, ಶುಲ್ಕ ಎಲ್ಲವೂ ಅವುಗಳಲ್ಲಿ ಇರುತ್ತಿದ್ದವು. ಆ ಜಮೀನಿನ ಮೇಲೆ ಬಿದ್ದ ಮಳೆ ಯಾವ ಕೆರೆಗೆ ಹರಿಯುತ್ತದೆಂದು ಕೇಳುವ ಕಾಲಂ ಮಾತ್ರ ಇರಲಿಲ್ಲ. ನಾನೂ ಕೇಳಲಿಲ್ಲ. ತಾಲ್ಲೂಕಿನ ಮಹಾಯೋಜನೆಗಳನ್ನು ಜಲಾನಯನದ ಗಡಿಯಂತೆ ರೂಪಿಸಿ, ಆ ಒಂದು ಕಾಲಮನ್ನು ಕಡ್ಡಾಯಗೊಳಿಸಲು ಹೊಸ ಶಾಸನ ಕೊರೆಸಬೇಕಿಲ್ಲ. ಒಂದು ಸುತ್ತೋಲೆಯಿಂದ ಆರಂಭಿಸಬಹುದು.