ಡೊರೊಥಿಯಾ ಬೇಟ್

ಡೊರೊಥಿಯಾ ಮಿನೋಲಾ ಆಲಿಸ್ ಬೇಟ್ (ನವೆಂಬರ್ 8, 1878 – ಜನವರಿ 13, 1951) ಬ್ರಿಟನ್ನಿನ ಪ್ರಾಗ್ಜೀವಿ ವಿಜ್ಞಾನಿ. ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲಿ ಬಾಳಿ ಅಳಿದುಹೋದ ಸಸ್ತನಿಗಳ ಪಳೆಯುಳಿಕೆಗಳನ್ನು ಶೋಧಿಸಿದವರಲ್ಲಿ ಇವರು ಪ್ರಮುಖರು. ಅದೇ ದ್ವೀಪಗಳಲ್ಲಿ ಜೀವಂತವಾಗಿದ್ದ ಇಲಿಗಳನ್ನೂ ಇವರು ಸಂಗ್ರಹಿಸಿ ವಿವರಿಸಿದರು. ದ್ವೀಪವನ್ನು ಸೇರಿದ ಪ್ರಾಣಿಯು ಕಾಲಕ್ರಮದಲ್ಲಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ಅರಿಯಲು ಇವರ ಸಂಗ್ರಹ ಇಂದಿಗೂ ನೆರವಾಗುತ್ತಿದೆ.

ಜನನ ಮತ್ತು ಬಾಲ್ಯ

ಬೇಟ್ ಅವರು ವೇಲ್ಸ್ ಪ್ರಾಂತದ ಕಾರ್ಮಾರ್ಥೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಹೆನ್ರಿ ರೆಜಿನಾಲ್ಡ್ ಬೇಟ್ ಪೊಲೀಸ್ ಅಧಿಕಾರಿಯಾಗಿದ್ದರು. ಡೊರೊಥಿಯಾ ಅವರಿಗೆ ಕ್ರಮಬದ್ಧ ಶಾಲಾ ಶಿಕ್ಷಣ ದೊರೆತದ್ದು ಅತ್ಯಲ್ಪ. ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಗ್ರಾಮಾಂತರದ ಹಕ್ಕಿ, ಪ್ರಾಣಿ ಮತ್ತು ಸುಣ್ಣಕಲ್ಲಿನ ಗುಹೆಗಳೇ ಇವರ ಪಾಠಶಾಲೆಯಾದವು.

ವಸ್ತುಸಂಗ್ರಹಾಲಯದ ಸೇವೆ

1898ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಇವರು ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋಗಿ ಕೆಲಸ ಕೇಳಿದರು. ಪಕ್ಷಿ ವಿಭಾಗದಲ್ಲಿ ಹಕ್ಕಿಗಳ ಚರ್ಮಗಳನ್ನು ವಿಂಗಡಿಸುವ ಕೆಲಸ ದೊರೆಯಿತು. ಅಲ್ಲಿ ವೈಜ್ಞಾನಿಕ ಕಾರ್ಯದಲ್ಲಿ ತೊಡಗಿದ ಮೊದಲ ಮಹಿಳೆಯರಲ್ಲಿ ಇವರೂ ಒಬ್ಬರು. ಸಂಸ್ಥೆಯೊಡನೆ ಇವರ ಸಂಬಂಧ ಸುಮಾರು ಐದು ದಶಕಗಳ ಕಾಲ ಮುಂದುವರಿಯಿತು. ಆದರೆ ಬಹುಕಾಲ ಇವರಿಗೆ ಕಾಯಂ ಹುದ್ದೆ ಇರಲಿಲ್ಲ. ಸಿದ್ಧಪಡಿಸಿದ ಪಳೆಯುಳಿಕೆಗಳ ಎಣಿಕೆಯ ಮೇಲೆ ಕೂಲಿ ಸಲ್ಲುತ್ತಿತ್ತು. ವೈ ನದಿ ಕಣಿವೆಯ ಗುಹೆಯೊಂದರ ಮೂಳೆಗಳನ್ನು ಕುರಿತ ಇವರ ಮೊದಲ ಲೇಖನ 1901ರಲ್ಲಿ ಪ್ರಕಟವಾಯಿತು.

ದ್ವೀಪಗಳ ಶೋಧನೆ

1901ರಲ್ಲಿ ಬೇಟ್ ಸೈಪ್ರಸ್ ದ್ವೀಪಕ್ಕೆ ತೆರಳಿದರು. ಅಲ್ಲಿ ಸುಮಾರು ಒಂದೂವರೆ ವರ್ಷ ನೆಲೆಸಿ, ಬೆಟ್ಟಗಳನ್ನು ಸುತ್ತಿ, ಗುಹೆಗಳನ್ನು ಅಗೆಸಿದರು. 1902ರಲ್ಲಿ ಕೈರೇನಿಯಾ ಬೆಟ್ಟಗಳಲ್ಲಿ ಕುಬ್ಜ ಆನೆಯ ಅವಶೇಷಗಳು ದೊರೆತವು. ಕುಬ್ಜ ನೀರಾನೆಯ ಮೂಳೆಗಳನ್ನೂ ಇವರು ಸಂಗ್ರಹಿಸಿದರು. 1904ರಲ್ಲಿ ಕ್ರೀಟ್ ದ್ವೀಪದಲ್ಲಿ ಇಂಥದೇ ಶೋಧ ನಡೆಸಿದರು.

1909ರಲ್ಲಿ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದಲ್ಲಿ ಇವರಿಗೆ ವಿಲಕ್ಷಣವಾದ ಪ್ರಾಣಿಯೊಂದರ ಅವಶೇಷಗಳು ಸಿಕ್ಕವು. ಅದು ಆಡಿನ ಬಳಗಕ್ಕೆ ಸೇರಿದ್ದರೂ ಅದರ ಕೆಳದವಡೆಯ ಬಾಚಿಹಲ್ಲುಗಳು ಇಲಿಯ ಹಲ್ಲಿನಂತೆ ಜೀವನವಿಡೀ ಬೆಳೆಯುತ್ತಿದ್ದವು. ಆದ್ದರಿಂದ ಇವರು ಅದಕ್ಕೆ ಇಲಿ-ಆಡು ಎಂಬರ್ಥದ ಮಯೋಟ್ರಾಗಸ್ ಎಂಬ ಹೆಸರಿಟ್ಟರು. 1918ರಲ್ಲಿ ಅದೇ ದ್ವೀಪಸಮೂಹದ ಹಿಪ್ನೋಮಿಸ್ ಎಂಬ ಅಳಿದ ದಂಶಕವನ್ನು ವಿವರಿಸಿದರು. ಡಾರ್ಮೌಸ್ ಬಳಗದ ಈ ಪ್ರಾಣಿ ಭೂಖಂಡದ ತನ್ನ ಸಂಬಂಧಿಗಳಿಗಿಂತ ಗಾತ್ರದಲ್ಲಿ ದೊಡ್ಡದು. 1942ರಲ್ಲಿ ಕ್ರೀಟ್‌ನ ಅಳಿದ ದೊಡ್ಡ ಇಲಿಯೊಂದಕ್ಕೆ ಮಸ್ ಮಿನೊಟಾರಸ್ ಎಂದು ಹೆಸರಿಟ್ಟರು.

ಹೀಗೆ ದೊಡ್ಡ ಪ್ರಾಣಿಗಳು ಕುಗ್ಗಿದ್ದಕ್ಕೂ ಸಣ್ಣ ಪ್ರಾಣಿಗಳು ಹಿಗ್ಗಿದ್ದಕ್ಕೂ ಇವರ ಸಂಗ್ರಹದಲ್ಲಿ ನಿದರ್ಶನಗಳಿವೆ. ದ್ವೀಪದಲ್ಲಿ ಆಹಾರ ಮಿತವಾಗಿರುವುದರಿಂದ ದೊಡ್ಡ ಪ್ರಾಣಿಗೆ ಸಣ್ಣ ದೇಹ ಅನುಕೂಲ. ಬೇಟೆಗಾರ ಪ್ರಾಣಿಗಳೂ ಪ್ರತಿಸ್ಪರ್ಧಿಗಳೂ ಕಡಿಮೆಯಾದಾಗ ಇಲಿಯಂಥ ಜೀವಿಗೆ ಬಿಲದಲ್ಲಿ ಅಡಗುವ ಅಗತ್ಯ ತಗ್ಗಿ, ದೇಹ ಬೆಳೆಯಲು ಅವಕಾಶವಾಗುತ್ತದೆ. ಈ ಪ್ರವೃತ್ತಿಯನ್ನು ಬ್ರಿಸ್ಟಲ್ ಫಾಸ್ಟರ್ 1964ರಲ್ಲಿ ನಿರೂಪಿಸಿದರು. ಮುಂದೆ ಅದು ದ್ವೀಪ ನಿಯಮ ಎಂದು ಹೆಸರಾಯಿತು. ಎಲ್ಲ ಪ್ರಾಣಿಗಳಿಗೂ ಇದು ಸಮನಾಗಿ ಅನ್ವಯಿಸುವುದಿಲ್ಲ.

ಮುಳ್ಳುಗೂದಲಿನ ಇಲಿಗಳು

ಸೈಪ್ರಸ್ ಮತ್ತು ಕ್ರೀಟ್‌ಗಳಲ್ಲಿ ಬೇಟ್ ಅವರು ಜೀವಂತ ಸಸ್ತನಿಗಳನ್ನೂ ಸಂಗ್ರಹಿಸಿದರು. ಬೆನ್ನಿನ ಮೇಲೆ ಒರಟು ಮುಳ್ಳಿನಂಥ ಕೂದಲುಳ್ಳ ಇಲಿಗಳು ಇವುಗಳಲ್ಲಿ ಮುಖ್ಯವಾದವು. ಸೈಪ್ರಸ್‌ನ ಇಲಿಗೆ 1903ರಲ್ಲಿ ಅಕೋಮಿಸ್ ನೆಸಿಯೋಟೀಸ್ ಎಂದೂ ಅನಂತರ ಕ್ರೀಟ್‌ನ ಇಲಿಗೆ ಅಕೋಮಿಸ್ ಮಿನೌಸ್ ಎಂದೂ ಹೆಸರಿಟ್ಟು, ಎರಡನ್ನೂ ಹೊಸ ಪ್ರಭೇದಗಳೆಂದು ಸಾರಿದರು. ನೆಸಿಯೋಟೀಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದ್ವೀಪವಾಸಿ.

ಆದರೆ ಕ್ರೀಟ್‌ನ ಪುರಾತನ ಪಳೆಯುಳಿಕೆಗಳಲ್ಲಿ ಈ ಇಲಿಯ ಸುಳಿವಿಲ್ಲ. ಇವೆರಡೂ ಈಜಿಪ್ಟಿನ ಕೈರೋ ಇಲಿಗೆ ಅತ್ಯಂತ ಸಮೀಪದ ಬಂಧುಗಳೆಂದು ಮುಂದಿನ ತಳಿವಿಜ್ಞಾನದ ಅಧ್ಯಯನಗಳು ತೋರಿಸಿವೆ. ಪ್ರಾಚೀನ ಕಾಲದ ಹಡಗುಗಳಲ್ಲಿ ಸರಕಿನ ನಡುವೆ ಸೇರಿ ಇವು ದ್ವೀಪಗಳಿಗೆ ಬಂದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹೀಗೆ ಬಂದ ಕೆಲವೇ ಪ್ರಾಣಿಗಳಿಂದ ಸಂತತಿ ಬೆಳೆದಾಗ, ಆ ಮೂಲ ಗುಂಪಿನ ಆಕಸ್ಮಿಕ ಲಕ್ಷಣಗಳು ಇಡೀ ಸಂತತಿಯಲ್ಲಿ ಹರಡುತ್ತವೆ. ಅದರೊಡನೆ ಹೊಸ ಪರಿಸರದ ಆಯ್ಕೆಯೂ ಸೇರುತ್ತದೆ. ಈ ಎರಡು ಕಾರಣಗಳಿಂದ ಕೆಲವು ಸಾವಿರ ವರ್ಷಗಳಲ್ಲೇ ವ್ಯತ್ಯಾಸ ಕಾಣಿಸಿಕೊಳ್ಳಬಹುದು. ಅಷ್ಟು ವ್ಯತ್ಯಾಸದಿಂದ ಪ್ರತ್ಯೇಕ ಪ್ರಭೇದವಾಯಿತೆನ್ನಬಹುದೇ ಎಂಬುದರಲ್ಲಿ ಒಮ್ಮತವಿಲ್ಲ. ಕೆಲವರು ಬೇಟ್ ಅವರ ಪ್ರಭೇದಗಳನ್ನು ಕೈರೋ ಇಲಿಯಲ್ಲಿಯೇ ಸೇರಿಸುತ್ತಾರೆ.

ದ್ವೀಪಕ್ಕೆ ಮನುಷ್ಯನ ಆಗಮನ ಹಳೆಯ ನಿವಾಸಿಗಳಿಗೆ ಮುಳುವಾಯಿತು. ಲಕ್ಷಾಂತರ ವರ್ಷ ಬಾಳಿದ್ದ ಮಯೋಟ್ರಾಗಸ್ ಸುಮಾರು 4,500 ವರ್ಷಗಳ ಹಿಂದೆ, ಮಾನವ ವಸತಿ ಆರಂಭವಾದ ಕಾಲದಲ್ಲಿ, ಅಳಿಯಿತು. ಅಳಿದವುಗಳನ್ನೂ ಹಡಗೇರಿ ಬಂದವುಗಳನ್ನೂ ಒಬ್ಬರೇ ಸಂಗ್ರಹಿಸಿದ್ದರಿಂದ ಎರಡನ್ನೂ ಹೋಲಿಸಲು ಮುಂದಿನವರಿಗೆ ಸಾಧ್ಯವಾಯಿತು.

ಕೊನೆಯ ವರ್ಷಗಳು ಮತ್ತು ಗೌರವ

ಪ್ಯಾಲೆಸ್ಟೈನಿನ ಕಾರ್ಮೆಲ್ ಪರ್ವತದ ಗುಹೆಗಳ ಪ್ರಾಣಿ ಅವಶೇಷಗಳನ್ನು ಬೇಟ್ ವಿಶ್ಲೇಷಿಸಿದರು. ಪುರಾತತ್ವಜ್ಞೆ ಡೊರೊಥಿ ಗ್ಯಾರಡ್ ಅವರೊಂದಿಗೆ ರಚಿಸಿದ ಕೃತಿ 1937ರಲ್ಲಿ ಪ್ರಕಟವಾಯಿತು. ಗಸೆಲ್ ಹಾಗೂ ಜಿಂಕೆಗಳ ಮೂಳೆಗಳ ಪ್ರಮಾಣದಿಂದ ಪ್ರಾಚೀನ ಹವಾಮಾನವನ್ನು ಊಹಿಸುವ ಪ್ರಯತ್ನ ಅದರಲ್ಲಿದೆ. 1940ರಲ್ಲಿ ಜಿಯಲಾಜಿಕಲ್ ಸೊಸೈಟಿಯ ವೊಲಾಸ್ಟನ್ ನಿಧಿಯ ಪುರಸ್ಕಾರ ಇವರಿಗೆ ಸಂದಿತು. 1948ರಲ್ಲಿ, ಸುಮಾರು 70ನೆಯ ವಯಸ್ಸಿನಲ್ಲಿ, ವಸ್ತುಸಂಗ್ರಹಾಲಯದ ಟ್ರಿಂಗ್ ಶಾಖೆಯ ಉಸ್ತುವಾರಿ ಅಧಿಕಾರಿಯಾದರು. 1951ರಲ್ಲಿ ನಿಧನರಾದರು.

ಕ್ರೀಟ್‌ನ ಅಳಿದ ಇಲಿಯೊಂದಕ್ಕೆ ಇವರ ಗೌರವಾರ್ಥ ಮಸ್ ಬಾಟೇ ಎಂದು ಹೆಸರಿಡಲಾಗಿದೆ. ಕ್ಯಾರೊಲಿನ್ ಶಿಂಡ್ಲರ್ ರಚಿಸಿದ ಇವರ ಜೀವನಚರಿತ್ರೆ 2005ರಲ್ಲಿ ಹೊರಬಂದಿತು. 2017ರಲ್ಲಿ ಇವರ ಹುಟ್ಟೂರಾದ ಕಾರ್ಮಾರ್ಥೆನ್‌ನಲ್ಲಿ ಸ್ಮಾರಕ ಫಲಕವನ್ನು ಸ್ಥಾಪಿಸಲಾಯಿತು.