ಹಾಸ್ಪೈಸ್ ಆರಿಸುವ ಮೊದಲು: ಸಿಸಿಲಿ ಸೌಂಡರ್ಸ್ ಅವರ ಬದುಕು

ಕಾಯಿಲೆ ಗುಣವಾಗುವ ಹಂತ ದಾಟಿದೆ, ಇನ್ನು ನೋವು ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯಲ್ಲಿ ಬೇರೆಯೇ ಲೆಕ್ಕಾಚಾರ ಶುರುವಾಗುತ್ತದೆ. ನಿಮ್ಮ ಮನೆ ಮುಂಬ್ರಾದಲ್ಲಿದ್ದರೆ ಆ ಲೆಕ್ಕದಲ್ಲಿ ದೂರವೂ ಸೇರುತ್ತದೆ. ಟಾಟಾ ಆಸ್ಪತ್ರೆಗೆ ಸ್ಲೋ ಲೋಕಲ್‌ನಲ್ಲಿ ಪರೇಲ್‌ವರೆಗೆ ಹೋಗಬೇಕು. ಬಾಂದ್ರಾದ ಶಾಂತಿ ಅವೇದನಾ ಸದನಕ್ಕಾದರೆ ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿಯಬೇಕು. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಿಂದ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವುದು, ಟ್ರಾಫಿಕ್‌ನಲ್ಲಿ ಆಂಬ್ಯುಲೆನ್ಸ್ ಕಾಯುವುದು ಎಲ್ಲವನ್ನೂ ನೆನೆಸಿಕೊಂಡಾಗ ಮನೆಯಲ್ಲೇ ಇರಲಿ ಅನ್ನಿಸುತ್ತದೆ. ರಾತ್ರಿ ನೋವು ಹೆಚ್ಚಾದಾಗ ಹಾಸ್ಪೈಸ್‌ಗೆ ಸೇರಿಸಬೇಕಿತ್ತು ಅನ್ನಿಸುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ, ಕೊಡುವವರು ಒಳ್ಳೆಯವರೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಚೊಕ್ಕಟವಾದ ಕಟ್ಟಡ, ಎ.ಸಿ. ಕೋಣೆ, ಫೋನಿನಲ್ಲಿ ಸಿಹಿಯಾಗಿ ಮಾತಾಡುವ ರಿಸೆಪ್ಷನ್ ಇವುಗಳಿಂದ ತಿಳಿಯುವುದಿಲ್ಲ.

ಇಂದು ನಾವು ಹಾಸ್ಪೈಸ್ ಎನ್ನುವ ವ್ಯವಸ್ಥೆಯನ್ನು ರೂಪಿಸಿದವರು ಇಂಗ್ಲೆಂಡಿನ ಸಿಸಿಲಿ ಸೌಂಡರ್ಸ್. ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ನೀವು ಯಾವ ಪ್ರಶ್ನೆ ಕೇಳಬೇಕು ಎನ್ನುವುದು ಅದರಲ್ಲೇ ಸಿಗುತ್ತದೆ.

ಸಿಸಿಲಿ ಹುಟ್ಟಿದ್ದು 1918ರ ಜೂನ್ 22ರಂದು, ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್‌ನಲ್ಲಿ. ಅನುಕೂಲಸ್ಥರ ಮನೆ. ಆಕ್ಸ್‌ಫರ್ಡ್‌ಗೆ ಓದಲು ಹೋದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಓದು ಬಿಟ್ಟು, 1940ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಿದರು. ಬೆನ್ನುನೋವು ಅವರನ್ನು ನರ್ಸ್ ಕೆಲಸದಲ್ಲಿ ಉಳಿಯಗೊಡಲಿಲ್ಲ. ಮತ್ತೆ ಆಕ್ಸ್‌ಫರ್ಡ್‌ಗೆ ಹೋಗಿ ಓದು ಮುಗಿಸಿ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ರೋಗಿಯ ಮನೆ, ಸಂಬಳ, ಮಕ್ಕಳು, ಸಾಲ ಇವನ್ನೆಲ್ಲ ವಿಚಾರಿಸುವ ಕೆಲಸ ಅದು.

ಆ ಕೆಲಸದಲ್ಲಿದ್ದಾಗ, 1947ರಲ್ಲಿ, ಅವರಿಗೆ ಡೇವಿಡ್ ಟಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ಪೋಲೆಂಡಿನ ಯಹೂದಿ, ಹೋಟೆಲಿನಲ್ಲಿ ವೇಟರ್ ಆಗಿದ್ದವರು, ವಯಸ್ಸು ನಲವತ್ತರ ಆಸುಪಾಸು. ಗುಣವಾಗದ ಕ್ಯಾನ್ಸರ್. ಲಂಡನ್ನಿನಲ್ಲಿ ಅವರಿಗೆ ತಮ್ಮವರು ಅಂತ ಯಾರೂ ಇರಲಿಲ್ಲ. ಊರು ಬಿಟ್ಟು ಬಂದು ಹೋಟೆಲಿನಲ್ಲಿ ದುಡಿದು, ಕೊನೆಗೆ ಭಾಷೆಯೂ ತನ್ನದಲ್ಲದ ವಾರ್ಡಿನಲ್ಲಿ ಮಲಗುವುದೆಂದರೆ ಏನು ಎಂದು ಈ ಕಡೆಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಸಿಲಿ ಅವರನ್ನು ಮತ್ತೆ ಮತ್ತೆ ಭೇಟಿಯಾದರು. ಗದ್ದಲದ ಸರ್ಜಿಕಲ್ ವಾರ್ಡಿಗಿಂತ ಬೇರೆ ಎಂಥ ಜಾಗ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಇಬ್ಬರೂ ಮಾತಾಡಿಕೊಂಡರು. 1948ರ ಫೆಬ್ರುವರಿಯಲ್ಲಿ ಟಾಸ್ಮಾ ತೀರಿಕೊಂಡಾಗ, ಮುಂದೆ ಕಟ್ಟಲಿರುವ ಆ ಮನೆಯಲ್ಲಿ ತನ್ನದೊಂದು ಕಿಟಕಿ ಇರಲಿ ಎಂದು 500 ಪೌಂಡ್ ಬಿಟ್ಟುಹೋಗಿದ್ದರು. ಆ ಕಿಟಕಿಗೆ ಮನೆ ಕಟ್ಟಲು ಸಿಸಿಲಿಗೆ 19 ವರ್ಷ ಹಿಡಿಯಿತು.

ಇಲ್ಲಿ ಗಮನಿಸಿ: ಆಗ ಅವರು ಡಾಕ್ಟರೂ ಅಲ್ಲ, ನರ್ಸ್ ಕೆಲಸದಲ್ಲೂ ಇರಲಿಲ್ಲ. ಕೂತು ಕೇಳಿಸಿಕೊಂಡರು, ಅಷ್ಟೇ. ನೀವು ಯಾವುದಾದರೂ ಹಾಸ್ಪೈಸ್‌ಗೆ ಮೊದಲ ಸಲ ಹೋದಾಗ, ಅಲ್ಲಿಯವರು ಮಾತನ್ನು ಯಾರೊಡನೆ ಶುರುಮಾಡುತ್ತಾರೆ ನೋಡಿ. ಫೈಲ್ ತಿರುವಿ ಮಗನ ಹತ್ತಿರ ಮಾತ್ರ ಮಾತಾಡುತ್ತಾರೋ, ಇಲ್ಲ ರೋಗಿಯ ಪಕ್ಕ ಕೂತು ಅವರನ್ನೇ ವಿಚಾರಿಸುತ್ತಾರೋ? ಮರಾಠಿ, ಹಿಂದಿ ಬಾರದ ಹಿರಿಯರಾಗಿದ್ದರೆ ಕನ್ನಡವನ್ನೋ ತುಳುವನ್ನೋ ಬಲ್ಲವರನ್ನು ಕರೆಸುತ್ತಾರೋ?

ಟಾಸ್ಮಾ ತೀರಿಕೊಂಡ ಮೇಲೆ ಸಿಸಿಲಿ, ಬೇಸ್‌ವಾಟರ್‌ನಲ್ಲಿದ್ದ ಸೇಂಟ್ ಲ್ಯೂಕ್ಸ್ ಎಂಬ ಸಂಸ್ಥೆಯಲ್ಲಿ ಸಂಜೆ ಹೊತ್ತು ಸ್ವಯಂಸೇವಕಿಯಾದರು. ಸಾಯುವ ಹಂತದ ಬಡವರಿಗಾಗಿ ಇದ್ದ ಜಾಗ ಅದು. ಅಲ್ಲಿ ಅವರ ಕಣ್ಣಿಗೆ ಬಿದ್ದ ಒಂದು ಪದ್ಧತಿಯೇ ಮುಂದಿನ ಎಲ್ಲಕ್ಕೂ ಬುಡ. ಬೇರೆ ಆಸ್ಪತ್ರೆಗಳಲ್ಲಿ ಮಾರ್ಫಿನ್‌ನಂಥ ಔಷಧವನ್ನು ರೋಗಿ ನೋವು ತಾಳಲಾರದೆ ಕೇಳಿದ ಮೇಲೆ ಕೊಡುತ್ತಿದ್ದರು, ಅದೂ ಹಿಂದೆ ಮುಂದೆ ನೋಡಿ. ಸೇಂಟ್ ಲ್ಯೂಕ್ಸ್‌ನಲ್ಲಿ ಗಡಿಯಾರ ನೋಡಿಕೊಂಡು, ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ ಕೊಡುತ್ತಿದ್ದರು.

ನಾನು ಫಾರ್ಮಸಿ ಓದಿದವಳಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಬಾಯಿಯಿಂದ ತೆಗೆದುಕೊಳ್ಳುವ ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಅದು ಇಳಿದು ನೋವು ಪೂರ್ತಿ ಮರಳಿದ ಮೇಲೆ ಕೊಟ್ಟರೆ, ಮಾತ್ರೆ ಕೆಲಸ ಶುರುಮಾಡುವವರೆಗೆ ರೋಗಿ ಒದ್ದಾಡಲೇಬೇಕು. ದಿನವೂ ಹೀಗೇ ಆದರೆ ರೋಗಿ ಗಡಿಯಾರ ನೋಡುತ್ತಾ, ಮುಂದಿನ ಮಾತ್ರೆಗೆ ಬೇಡುತ್ತಾ ಇರುತ್ತಾರೆ. ಅದನ್ನು ಕಂಡ ಮನೆಯವರು ಇವರಿಗೆ ಚಟ ಹಿಡಿದಿದೆ ಎಂದುಕೊಳ್ಳುತ್ತಾರೆ. ಚಟವಲ್ಲ, ನೋವು. ಸರಿಯಾದ ಹೊತ್ತಿಗೆ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಈ ಬೇಡಿಕೆ ನಿಂತುಹೋಗುತ್ತದೆ.

ಆದ್ದರಿಂದ ಯಾವ ಹಾಸ್ಪೈಸ್‌ನಲ್ಲೇ ಆಗಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ನೋವಿನ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೀರೋ, ಕೇಳಿದಾಗ ಕೊಡುತ್ತೀರೋ? ಹೊತ್ತಿನ ನಡುವೆ ನೋವು ಒಮ್ಮೆಲೇ ಏರಿದರೆ ಹೆಚ್ಚುವರಿ ಡೋಸ್ ಬರೆದಿಟ್ಟಿರುತ್ತೀರಾ? ಮಾರ್ಫಿನ್ ಜೊತೆಗೆ ಮಲಬದ್ಧತೆಗೆ ಔಷಧವನ್ನು ಮೊದಲ ದಿನದಿಂದಲೇ ಬರೆಯುತ್ತಾರೋ ಎಂದೂ ನೋಡಿ. ಮಾರ್ಫಿನ್‌ನಿಂದ ಆರಂಭದಲ್ಲಿ ಬರುವ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಇಷ್ಟು ಚಿಕ್ಕ ವಿಷಯವನ್ನು ಮರೆಯುವವರು ದೊಡ್ಡದನ್ನೂ ಮರೆಯುತ್ತಾರೆ ಎಂಬುದು ನನ್ನ ಅಂದಾಜು. ಡೋಸನ್ನು ನೀವಾಗಿಯೇ ಏರಿಸುವುದು, ಇಳಿಸುವುದು, ಒಮ್ಮೆಲೇ ನಿಲ್ಲಿಸುವುದು ಮಾತ್ರ ಬೇಡ.

ಸಿಸಿಲಿಯವರ ಕತೆಗೆ ಬರೋಣ. ಸಾಯುವವರ ಸೇವೆಯನ್ನೇ ಕೆಲಸ ಮಾಡಿಕೊಳ್ಳಬೇಕು ಎಂದಾಗ, ಅವರು ಕೆಲಸ ಮಾಡುತ್ತಿದ್ದ ಸರ್ಜನ್ ನಾರ್ಮನ್ ಬ್ಯಾರೆಟ್ ವೈದ್ಯಕೀಯ ಓದುವಂತೆ ಸಲಹೆ ಕೊಟ್ಟರು. ಇಂಥ ರೋಗಿಗಳ ಕೈಬಿಡುತ್ತಿದ್ದವರೇ ಡಾಕ್ಟರುಗಳು, ಡಾಕ್ಟರಲ್ಲದವರ ಮಾತನ್ನು ಅವರು ಕೇಳುವುದಿಲ್ಲ ಎಂಬುದು ಅವರ ಲೆಕ್ಕ. 33ನೇ ವಯಸ್ಸಿನಲ್ಲಿ ಸಿಸಿಲಿ ವೈದ್ಯಕೀಯ ವಿದ್ಯಾರ್ಥಿನಿಯಾದರು, 1957ರಲ್ಲಿ ಡಾಕ್ಟರಾದರು.

1958ರಿಂದ ಅವರು ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪೈಸ್‌ನಲ್ಲಿ ಕೆಲಸ ಮಾಡಿದರು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಜಾಗ. ಪ್ರೀತಿಗೆ, ಶುಚಿತ್ವಕ್ಕೆ ಕೊರತೆ ಇರಲಿಲ್ಲ. ಇಲ್ಲದಿದ್ದದ್ದು ದಾಖಲೆ. ಸಿಸಿಲಿ ಅಲ್ಲಿ ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಪದ್ಧತಿ ತಂದರು. ಯಾರಿಗೆ ಎಷ್ಟು ಕೊಟ್ಟೆವು, ನೋವು ಎಷ್ಟು ಇಳಿಯಿತು, ನಿದ್ದೆ ಬಂತೋ ಇಲ್ಲವೋ ಎಂದು ಬರೆದಿಡತೊಡಗಿದರು. ಕೆಲವೇ ವರ್ಷಗಳಲ್ಲಿ ನೂರಾರು ರೋಗಿಗಳ ವಿವರ ಅವರ ಕೈಯಲ್ಲಿತ್ತು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಡೋಸ್ ಮಿತಿಮೀರಿ ಏರುತ್ತಲೇ ಹೋಗುವುದಿಲ್ಲ, ರೋಗಿ ಮಂಕಾಗಿ ಬಿದ್ದಿರುವುದೂ ಇಲ್ಲ ಎಂದು ಡಾಕ್ಟರುಗಳ ಮುಂದೆ ಲೆಕ್ಕ ಇಟ್ಟು ಹೇಳುವುದಕ್ಕೆ ಅವರಿಗೆ ಸಾಧ್ಯವಾಯಿತು.

ಪ್ರೀತಿ ಬೇಕು, ಆದರೆ ಪ್ರೀತಿಯೊಂದೇ ಸಾಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನೀವು ಆರಿಸಲಿರುವ ಜಾಗದಲ್ಲಿ ನೋವಿನ ಚಾರ್ಟ್ ತೋರಿಸಿ ಎಂದು ಕೇಳಿ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ದಿನವೂ ಕೇಳಿ ಬರೆಯುವುದು ಸಾಮಾನ್ಯ ಪದ್ಧತಿ. ಹಾಸಿಗೆಯ ಬಳಿ ಅಂಥ ಹಾಳೆಯೇ ಇಲ್ಲದಿದ್ದರೆ ನಿನ್ನೆಗಿಂತ ಇಂದು ಮೇಲೋ ಎಂದು ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ದೇಶಕ್ಕೇ ಸೇರಿದ್ದು. ಮಾರ್ಫಿನ್ ತಯಾರಾಗುವ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರೇ ಬೆಳೆಯುತ್ತಾರೆ. ಹಾಗಿದ್ದೂ 1985ರ ಎನ್.ಡಿ.ಪಿ.ಎಸ್. ಕಾಯಿದೆ ಬಂದ ಮೇಲೆ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವುದೇ ಕಷ್ಟವಾಯಿತು. ಒಂದಲ್ಲ, ಹಲವು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟ ಸಂಸ್ಥೆಗಳು ಮಾರ್ಫಿನ್ ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದು. ಮೂಲೆಯ ಮೆಡಿಕಲ್‌ನಲ್ಲಿ ಅದು ಸಿಗುವುದಿಲ್ಲ, ಹುಡುಕಿ ಅಲೆಯಬೇಡಿ. ಹಾಸ್ಪೈಸ್‌ನವರನ್ನು ನೇರವಾಗಿ ಕೇಳಿ: ನಿಮಗೆ ಆ ಮಾನ್ಯತೆ ಇದೆಯೇ, ಮಾರ್ಫಿನ್ ಈಗ ಸ್ಟಾಕ್‌ನಲ್ಲಿದೆಯೇ? ಇಲ್ಲ ಎಂದರೆ, ಎಲ್ಲಿಂದ ತರಿಸುತ್ತೀರಿ? ಕ್ಯಾನ್ಸರಿನ ತೀವ್ರ ನೋವಿಗೆ ಪ್ಯಾರಾಸಿಟಮಾಲ್, ಟ್ರಮಡಾಲ್‌ಗಳಲ್ಲೇ ಮುಗಿಸುವ ಜಾಗ, ಗೋಡೆಗೆ ಎಷ್ಟೇ ಚೆಂದದ ಬಣ್ಣ ಬಳಿದಿದ್ದರೂ, ಹಾಸ್ಪೈಸ್ ಎನಿಸಿಕೊಳ್ಳುವುದಿಲ್ಲ.

ಸೇಂಟ್ ಜೋಸೆಫ್ಸ್‌ನ ವರ್ಷಗಳಲ್ಲೇ ಸಿಸಿಲಿಗೆ ಇನ್ನೊಂದು ವಿಷಯ ಗಟ್ಟಿಯಾಯಿತು. ರೋಗಿ ನೋವು ಎಂದಾಗ ಅದರಲ್ಲಿ ಹಲವು ನೋವು ಬೆರೆತಿರುತ್ತವೆ: ಗಡ್ಡೆ ಒತ್ತುವ ನೋವು, ಮಗಳ ಮದುವೆ ಆಗಿಲ್ಲ ಎಂಬ ಚಿಂತೆ, ಮನೆ ಬಾಡಿಗೆ, ನನಗೇ ಏಕೆ ಹೀಗಾಯಿತು ಎಂಬ ಪ್ರಶ್ನೆ. ಇದನ್ನು ಅವರು ಒಟ್ಟು ನೋವು ಎಂಬ ಅರ್ಥದ ಹೆಸರಿನಿಂದ ಕರೆದರು. ಅನುವಾದಕಿಯಾಗಿ ನನಗೆ ಇಲ್ಲಿ ಕಷ್ಟವೇ ಆಗಲಿಲ್ಲ. ಕನ್ನಡದಲ್ಲಿ ಕಾಲು ಉಳುಕಿದ್ದೂ ನೋವೇ, ಮಾತು ಚುಚ್ಚಿದ್ದೂ ನೋವೇ. ಒಳ್ಳೆಯ ಹಾಸ್ಪೈಸ್‌ನಲ್ಲಿ ಡಾಕ್ಟರು, ನರ್ಸ್ ಜೊತೆಗೆ ಸಮಾಜ ಕಾರ್ಯಕರ್ತರೋ ಕೌನ್ಸೆಲರೋ ಇರಬೇಕು ಎನ್ನುವುದು ಇದೇ ಕಾರಣಕ್ಕೆ.

ಸಿಸಿಲಿ ಸ್ವತಃ ಗಾಢ ಕ್ರೈಸ್ತ ಶ್ರದ್ಧೆಯವರು. ಆದರೂ ತಮ್ಮ ಸಂಸ್ಥೆಯ ಬಾಗಿಲನ್ನು ಎಲ್ಲ ಧರ್ಮದವರಿಗೂ, ಧರ್ಮವೇ ಬೇಡ ಎನ್ನುವವರಿಗೂ ತೆರೆದಿಟ್ಟರು. ನಮಾಜಿಗೆ ಮುಖ ತಿರುಗಿಸಿ ಮಲಗಿಸಿ ಎಂದರೆ, ಹಾಸಿಗೆಯ ಪಕ್ಕ ದೇವರ ಪಟ ಇಡುತ್ತೇವೆ ಎಂದರೆ, ಕೊನೆಯ ಹೊತ್ತಿನಲ್ಲಿ ಹತ್ತು ಜನ ನೆಂಟರು ಬರುತ್ತೇವೆ ಎಂದರೆ ಏನು ಹೇಳುತ್ತಾರೆ ಎಂದು ನೀವೂ ಮೊದಲೇ ವಿಚಾರಿಸಿ.

1967ರಲ್ಲಿ, ಲಂಡನ್ನಿನ ಆಗ್ನೇಯದ ಸಿಡೆನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ಆರೈಕೆ, ಕಲಿಕೆ, ಸಂಶೋಧನೆ ಮೂರೂ ಒಂದೇ ಸೂರಿನಡಿ. ಟಾಸ್ಮಾರ ಕಿಟಕಿ ಅದರ ಪ್ರವೇಶದ ಬಳಿಯೇ ಇದೆ. 1971ರಲ್ಲಿ ಅಲ್ಲಿಗೆ ಬಂದ ಡಾ. ರಾಬರ್ಟ್ ಟ್ವೈಕ್ರಾಸ್ ಒಂದು ಉಪಕಾರದ ಕೆಲಸ ಮಾಡಿದರು. ಆಗ ಇಂಗ್ಲೆಂಡಿನಲ್ಲಿ ಹೆರಾಯಿನ್, ಕೊಕೇನ್, ಮದ್ಯ ಬೆರೆಸಿದ ಒಂದು ದ್ರಾವಣ ರೂಢಿಯಲ್ಲಿತ್ತು. ಬಾಯಿಯಿಂದ ಕೊಡುವ ಬರಿಯ ಮಾರ್ಫಿನ್ ಅಷ್ಟೇ ಕೆಲಸ ಮಾಡುತ್ತದೆ ಎಂದು ಅವರು ತೋರಿಸಿಕೊಟ್ಟರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲೂ ಇದೇ ಮಾತು: ಆದಷ್ಟು ಬಾಯಿಯಿಂದ, ಹೊತ್ತಿಗೆ ಸರಿಯಾಗಿ, ನೋವಿಗೆ ತಕ್ಕ ಮೆಟ್ಟಿಲಿನ ಔಷಧ.

ಅದೇ 1986ರಲ್ಲಿ ಟಾಟಾ ಆಸ್ಪತ್ರೆಯ ಸರ್ಜನ್ ಡಾ. ಎಲ್. ಜೆ. ಡಿಸೋಜಾ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ತೆರೆದರು. ಭಾರತದ ಮೊದಲ ಹಾಸ್ಪೈಸ್ ಎಂದು ಅದನ್ನು ಗುರುತಿಸುತ್ತಾರೆ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಊರ ಕಡೆ ಕರೆದೊಯ್ಯುವ ಯೋಚನೆ ಇದ್ದವರು ನೆನಪಿಡಿ. ಎರಡೂ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಸಂಸ್ಥೆಗಳು. ಹೆಚ್ಚು ಹಣ ಕೊಟ್ಟರೆ ಹೆಚ್ಚು ಒಳ್ಳೆಯ ಆರೈಕೆ ಎಂಬ ಲೆಕ್ಕ ಈ ಕ್ಷೇತ್ರದಲ್ಲಿ ನಡೆಯುವುದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳಬೇಕು ಎನ್ನುವವರಿಗೆ 1969 ಮುಖ್ಯ. ಆ ವರ್ಷ ಸೇಂಟ್ ಕ್ರಿಸ್ಟೋಫರ್ಸ್‌ನ ತಂಡ ರೋಗಿಗಳ ಮನೆಗೇ ಹೋಗಲು ಶುರುಮಾಡಿತು. ಹಾಸ್ಪೈಸ್ ಎಂದರೆ ಕಟ್ಟಡವಲ್ಲ, ಆರೈಕೆಯ ರೀತಿ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಠಾಣೆ, ಡೊಂಬಿವಲಿ, ಕಲ್ಯಾಣ್ ಕಡೆ ಬ್ಯೂರೋಗಳು ಕಳಿಸುವ ಆಯಾ, ವಾರ್ಡ್‌ಬಾಯ್‌ಗಳನ್ನೇ ಮನೆ ಹಾಸ್ಪೈಸ್ ಎಂದು ಹೇಳುವುದುಂಟು. ಮೈ ಒರೆಸುವುದು, ಮಗ್ಗುಲು ಬದಲಿಸುವುದು ಬಹಳ ದೊಡ್ಡ ಸಹಾಯ, ಅಲ್ಲಗಳೆಯುವುದಿಲ್ಲ. ಆದರೆ ಅದರ ಹಿಂದೆ ನೋವು ನೋಡುವ ಡಾಕ್ಟರು, ನರ್ಸ್ ಇಲ್ಲದಿದ್ದರೆ ಅದು ಹಾಸ್ಪೈಸ್ ಅಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಮುಂಬ್ರಾದವರೆಗೆ ಬರುತ್ತಾರೋ, ಠಾಣೆಗೇ ನಿಲ್ಲುತ್ತಾರೋ? ರೋಗಿಗೆ ನುಂಗಲು ಆಗದಂತಾದರೆ ಚರ್ಮದಡಿ ಔಷಧ ಕೊಡಲು ಬರುತ್ತದೆಯೇ? ಮನೆಯಲ್ಲಿ ನಿಭಾಯಿಸಲು ಆಗದಿದ್ದರೆ ಯಾವ ಹಾಸ್ಪೈಸ್‌ಗೆ ಸೇರಿಸಿಕೊಡುತ್ತೀರಿ? ಸೇರಿಸುವ ಮೊದಲೇ ಇವಕ್ಕೆ ಉತ್ತರ ಬರೆಸಿಕೊಳ್ಳಿ. ಸಾಧ್ಯವಾದರೆ ಒಂದು ರಾತ್ರಿ ಆ ನಂಬರಿಗೆ ಸುಮ್ಮನೆ ಫೋನ್ ಮಾಡಿ ನೋಡಿ.

ಸಿಸಿಲಿ 1980ರಲ್ಲಿ, 60 ದಾಟಿದ ಮೇಲೆ, ಪೋಲೆಂಡಿನ ಚಿತ್ರಕಾರ ಮರಿಯಾನ್ ಬೊಹುಷ್ ಷಿಷ್ಕೊ ಅವರನ್ನು ಮದುವೆಯಾದರು. ಬ್ರಿಟನ್ನಿನ ದೊಡ್ಡ ಗೌರವಗಳೆಲ್ಲ ಬಂದವು. ಕೊನೆಗೆ ಅವರಿಗೂ ಸ್ತನ ಕ್ಯಾನ್ಸರ್ ಆಯಿತು. 2005ರ ಜುಲೈ 14ರಂದು, 87ನೇ ವಯಸ್ಸಿನಲ್ಲಿ, ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ, ಅಲ್ಲಿನ ರೋಗಿಯಾಗಿ ತೀರಿಕೊಂಡರು.

ರೋಗಿ ಹೋದ ಮೇಲೂ ಮನೆಯವರನ್ನು ಕೈಬಿಡಬಾರದು ಎಂಬುದು ಅವರ ಹಾಸ್ಪೈಸ್‌ನ ಪದ್ಧತಿಯ ಭಾಗವಾಗಿತ್ತು. ನೀವು ಆರಿಸುವವರು ಆಮೇಲೆ ಒಂದು ಫೋನಾದರೂ ಮಾಡುತ್ತಾರೆಯೇ ಎಂದು ಈಗಲೇ ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಿ. ಹಾಗೆಯೇ ಮನೆಯಲ್ಲಿ ಉಳಿದ ಮಾರ್ಫಿನ್ ಮಾತ್ರೆಗಳನ್ನು ಏನು ಮಾಡಬೇಕು ಎಂದೂ ವಿಚಾರಿಸಿಟ್ಟುಕೊಳ್ಳಿ. ಅವನ್ನು ಪಕ್ಕದ ಮನೆಯ ರೋಗಿಗೆ ಕೊಡಬೇಡಿ, ಕಸಕ್ಕೆ ಎಸೆಯಬೇಡಿ. ಎಣಿಸಿ, ಚೀಟಿಯ ಸಮೇತ, ಕೊಟ್ಟ ಸಂಸ್ಥೆಗೇ ಹಿಂತಿರುಗಿಸಿ.